ವಾಹನ ವಿಮೆ: ಸರ್ವೇಯರ್ ವರದಿಯೇ ಅಂತಿಮವಲ್ಲ

ಹತ್ತಿ, ಭತ್ತದ ವ್ಯವಹಾರಕ್ಕಾಗಿ ರಾಯಚೂರು, ಮಾನ್ವಿ, ದೇವದುರ್ಗಗಳ ನಡುವೆ ಕಾರಿನಲ್ಲಿ ಓಡಾಡುವ ವರ್ತಕರಿಗೆ ಸಣ್ಣಪುಟ್ಟ ಡಿಕ್ಕಿ ಅಪರೂಪವೇನಲ್ಲ. ದುರಸ್ತಿಯ ಬಿಲ್ಲಿಗೂ ವಿಮಾ ಕಂಪನಿ ಮಂಜೂರು ಮಾಡುವ ಮೊತ್ತಕ್ಕೂ ಅಂತರ ಕಂಡಾಗ ತಕರಾರು ಆರಂಭವಾಗುತ್ತದೆ. ಆ ಅಂತರದಲ್ಲಿ ನ್ಯಾಯವಾದುದೆಷ್ಟು, ಪ್ರಶ್ನಿಸಬೇಕಾದುದೆಷ್ಟು ಎಂಬುದನ್ನು ಮೊದಲು ಬೇರ್ಪಡಿಸಬೇಕು.

ಸಾಮಾನ್ಯ ಸಮಗ್ರ ಪಾಲಿಸಿಯಲ್ಲಿ ಬದಲಿಸಿದ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಶೇ. 50ರಷ್ಟು ಸವಕಳಿ ಕಳೆಯಲಾಗುತ್ತದೆ. ಲೋಹದ ಭಾಗಗಳಿಗೆ ವಾಹನದ ವಯಸ್ಸೇ ಆಧಾರ. ನಾಲ್ಕರಿಂದ ಐದು ವರ್ಷದ ಕಾರಿಗೆ ಅದು ಶೇ. 35. ಗಾಜಿಗೆ ಸವಕಳಿಯಿಲ್ಲ. ಮಾನ್ವಿಯ ವರ್ತಕರೊಬ್ಬರ ನಾಲ್ಕೂವರೆ ವರ್ಷದ ಕಾರಿಗೆ ಬಂಪರ್ 8,000, ಮಡ್‌ಗಾರ್ಡ್ 5,000, ಕೂಲಿ 4,000, ಒಟ್ಟು 17,000 ರೂ. ಬಿಲ್ಲಾಯಿತೆಂದು ಭಾವಿಸಿದರೆ, ತೆರಿಗೆ ಮತ್ತು ಬಣ್ಣದ ಬಾಬತ್ತು ಬಿಟ್ಟು, ಸವಕಳಿಯ ನಂತರ ಉಳಿಯುವುದು 11,250 ರೂ. 1500 ಸಿಸಿವರೆಗಿನ ಕಾರಿಗಿರುವ 1,000 ರೂ. ಕಡ್ಡಾಯ ಕಡಿತವೂ ಹೋಗಿ ಕೈಗೆ ಬರುವುದು 10,250 ರೂ. ಇದರಲ್ಲಿ ಅನ್ಯಾಯವಿಲ್ಲ; ಹೆಚ್ಚುವರಿ ಪ್ರೀಮಿಯಂ ತೆತ್ತು ಸವಕಳಿರಹಿತ ರಕ್ಷೆ ಪಡೆದವರು ಮಾತ್ರ ಸವಕಳಿಯನ್ನು ಪ್ರಶ್ನಿಸಬಹುದು. ಇಷ್ಟು ಚಿಕ್ಕ ಮೊತ್ತಕ್ಕಾಗಿ ಸ್ವಂತ ಹಾನಿಯ ಪ್ರೀಮಿಯಂ ಮೇಲೆ ಶೇ. 20ರಿಂದ 50ರವರೆಗೆ ದೊರೆಯುವ ನೋ ಕ್ಲೇಮ್ ಬೋನಸ್ ಕಳೆದುಕೊಳ್ಳುವುದು ಲಾಭವೇ ಎಂಬ ಲೆಕ್ಕವೂ ಅಗತ್ಯ. ಪೈಸೆ ಪೈಸೆಗೂ ಖಾತೆ ಬರೆಯುವವರೇ ಇದನ್ನು ಮರೆಯುವುದುಂಟು.

ನಿಜವಾದ ವಿವಾದ ಬೇರೆಡೆಯಿದೆ: ಬದಲಿಸಲೇಬೇಕಾದ ಭಾಗವನ್ನು ದುರಸ್ತಿ ಮಾಡಬಹುದೆನ್ನುವುದು, ಹೊಸ ಪೆಟ್ಟನ್ನು ಹಳೆಯದೆನ್ನುವುದು, ಸ್ವಂತ ಬಳಕೆಯ ಕಾರನ್ನು ಬಾಡಿಗೆಗೆ ಓಡಿಸಲಾಗಿತ್ತೆಂದು ಕ್ಲೇಮ್ ತಿರಸ್ಕರಿಸುವುದು. ಸ್ಥಳದಲ್ಲೇ ತೆಗೆದ ಚಿತ್ರಗಳು, ಗ್ಯಾರೇಜಿನ ಅಂದಾಜುಪಟ್ಟಿ, ಬಿಚ್ಚಿದ ಹಳೆಯ ಭಾಗಗಳು ಇಲ್ಲಿ ಸಾಕ್ಷ್ಯ. ಸರ್ವೇಯರ್ ನೋಡುವ ಮುನ್ನ ದುರಸ್ತಿಗೆ ಕೈಹಾಕಿದರೆ ಆ ಸಾಕ್ಷ್ಯ ಅಳಿಯುತ್ತದೆ. ಸರ್ವೇಯರ್ ವರದಿ ಕೊನೆಯ ಮಾತಲ್ಲವೆಂದು ಸುಪ್ರೀಂ ಕೋರ್ಟ್ 2009ರ ಪ್ರದೀಪ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಬಾಡಿಗೆಗೆ ಓಡಿಸಿದ ಕಾರಿನ ಕ್ಲೇಮನ್ನೂ ಸಾರಾಸಗಟಾಗಿ ನಿರಾಕರಿಸಲಾಗದೆಂಬುದು 2010ರ ಅಮಲೇಂದು ಸಾಹು ತೀರ್ಪಿನ ಸಾರ.

‘ಪೂರ್ಣ ಮತ್ತು ಅಂತಿಮ ಪಾವತಿ’ ಎಂಬ ರಸೀದಿಗೆ ಅವಸರದಲ್ಲಿ ಸಹಿ ಹಾಕುವುದು ದೊಡ್ಡ ಅಪಾಯ. ಸಹಿಯೊಂದರಿಂದಲೇ ಹಕ್ಕು ಅಳಿಯದೆಂದು 1999ರಲ್ಲಿ ಅಜ್ಮೇರ್ ಸಿಂಗ್ ಕಾಟನ್ ಮಿಲ್ಸ್ ಪ್ರಕರಣದಲ್ಲಿ ತೀರ್ಪಾಗಿದೆಯಾದರೂ, ವಂಚನೆ ಅಥವಾ ಒತ್ತಾಯದಿಂದ ಸಹಿ ಪಡೆಯಲಾಯಿತೆಂದು ರುಜುವಾತುಪಡಿಸುವ ಹೊಣೆ ವರ್ತಕನದೇ. ಆಕ್ಷೇಪವನ್ನು ಅಂದೇ ಲಿಖಿತವಾಗಿ ದಾಖಲಿಸುವುದು ಕ್ಷೇಮ.

ಮೊದಲ ದೂರು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಹೋಗಬೇಕು. ತಿಂಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಉತ್ತರ ತೃಪ್ತಿಕರವಲ್ಲದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಅವರಿಗೆ ಶುಲ್ಕವಿಲ್ಲದೆ ದೂರಬಹುದು. ಈ ದಾರಿ ವ್ಯಕ್ತಿಗಳು, ಏಕಮಾಲೀಕತ್ವದ ಸಂಸ್ಥೆಗಳು ಮತ್ತು ಅತಿಸಣ್ಣ ಉದ್ದಿಮೆಗಳಿಗೆ ಮಾತ್ರ. ಕಾರು ದೊಡ್ಡ ಸಂಸ್ಥೆಯ ಹೆಸರಿನಲ್ಲಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ವಿಮೆ ಪಡೆದ ಸಂಸ್ಥೆಯೂ ಗ್ರಾಹಕನೆಂಬುದು 2023ರ ಹರ್ಸೋಲಿಯಾ ಮೋಟರ್ಸ್ ಪ್ರಕರಣದಲ್ಲಿ ಸ್ಪಷ್ಟವಾಗಿದೆ. ದೂರಿಗೆ ಎರಡು ವರ್ಷಗಳ ಅವಧಿಯಿದೆ. ಪ್ರೀಮಿಯಂ 5 ಲಕ್ಷ ರೂ. ಮೀರದಿದ್ದರೆ ಶುಲ್ಕವಿಲ್ಲ. 2019ರ ಕಾಯ್ದೆಯಂತೆ ದೂರುದಾರನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದಾದ್ದರಿಂದ, ಕಂಪನಿಯ ಕಚೇರಿ ಎಲ್ಲಿದ್ದರೂ ದೇವದುರ್ಗದವರು ರಾಯಚೂರಿಗೆ ಬಂದರೆ ಸಾಕು. ಒಮ್ಮೆ ಆಯೋಗದ ಮುಂದಿಟ್ಟ ವಿಷಯವನ್ನು ಓಂಬುಡ್ಸ್‌ಮನ್ ಸ್ವೀಕರಿಸುವುದಿಲ್ಲ.