ಕೋಳಿ ಗೊಬ್ಬರ: ಲೋಡಿನ ಲೆಕ್ಕ, ಒಣ ತೂಕದ ಲೆಕ್ಕ

ಕೊಡಗಿನ ಕಾಫಿ, ಕಾಳುಮೆಣಸಿನ ತೋಟಗಳಿಗೆ ಹೊರ ಜಿಲ್ಲೆಗಳಿಂದ ಲಾರಿಗಳಲ್ಲಿ ಬರುವ ಕೋಳಿ ಗೊಬ್ಬರವು ಸಾಮಾನ್ಯವಾಗಿ ಲೋಡಿನ ಲೆಕ್ಕದಲ್ಲಿ ಕೈಬದಲಾಗುತ್ತದೆ. ಕೊಳ್ಳುವವರಿಗೆ ನಷ್ಟ ಆರಂಭವಾಗುವುದು ಇಲ್ಲಿಯೇ.

ಮೊಟ್ಟೆ ಕೋಳಿಗಳ ಪಂಜರದಡಿಯಿಂದ ತೆಗೆದ ಹಸಿ ಹಿಕ್ಕೆಯಲ್ಲಿ ಸುಮಾರು ಶೇ. 70ರಷ್ಟು ನೀರಿರುತ್ತದೆ. ಮಾಂಸದ ಕೋಳಿಗಳ ಶೆಡ್ಡಿನಲ್ಲಿ ಭತ್ತದ ಹೊಟ್ಟಿನೊಡನೆ ಬೆರೆತ ಗೊಬ್ಬರದಲ್ಲಿ ಶೇ. 25ರ ಆಸುಪಾಸು. ಹತ್ತು ಟನ್ನಿನ ಲೋಡಿನಲ್ಲಿ ಮೊದಲನೆಯದರಿಂದ ದೊರೆಯುವ ಒಣ ಪದಾರ್ಥ 3 ಟನ್, ಎರಡನೆಯದರಿಂದ 7.5 ಟನ್. ಎರಡಕ್ಕೂ ಒಂದೇ ದರ ತೆತ್ತಲ್ಲಿ, ಹಸಿ ಹಿಕ್ಕೆ ಕೊಂಡವರು ಪ್ರತಿ ಕಿಲೋ ಒಣ ಪದಾರ್ಥಕ್ಕೆ ಎರಡೂವರೆ ಪಟ್ಟು ಬೆಲೆ ಕೊಟ್ಟಂತಾಯಿತು. ಘಟ್ಟದ ದಾರಿಯಲ್ಲಿ 7 ಟನ್ ನೀರು ಹೊತ್ತು ತಂದ ಬಾಡಿಗೆ ಬೇರೆ. ಒಂದು ಕಿಲೋ ಮಾದರಿಯನ್ನು ಪೂರ್ಣ ಒಣಗಿಸಿ ಪುನಃ ತೂಗಿದರೆ ವಾಸ್ತವಾಂಶ ತಿಳಿಯುತ್ತದೆ.

ಹಸಿ ಗೊಬ್ಬರವನ್ನು ನೇರವಾಗಿ ಬುಡಕ್ಕೆ ಹಾಕುವುದೂ ಲಾಭಕರವಲ್ಲ. ಹಿಕ್ಕೆಯಲ್ಲಿನ ಯೂರಿಕ್ ಆಮ್ಲವು ಬೇಗನೆ ಅಮೋನಿಯಾ ಆಗಿ ಮಾರ್ಪಟ್ಟು ಎಳೆಯ ಬೇರುಗಳನ್ನು ಸುಡುತ್ತದೆ. ನೊಣಗಳ ಕಾಟದಿಂದ ನೆರೆಹೊರೆಯವರ ದೂರೂ ಬರುತ್ತದೆ. ಜೂನ್ ಮಳೆಗೆ ಮುನ್ನ ಬಯಲಿನಲ್ಲಿ ರಾಶಿ ಹಾಕಿದರೆ, ಹಣ ತೆತ್ತು ಕೊಂಡ ಸಾರಜನಕ ತೊರೆಯ ಪಾಲು.

ಪರಿಹಾರವು ಜಿಲ್ಲೆಯೊಳಗೇ ಇದೆ. ಹಿಕ್ಕೆಯಲ್ಲಿ ಸಾರಜನಕ ಅಧಿಕ, ಇಂಗಾಲ ಕಡಿಮೆ. ಕುಶಾಲನಗರದ ಕಾಫಿ ಕ್ಯೂರಿಂಗ್ ಘಟಕಗಳಲ್ಲಿ ಉಳಿಯುವ ಹೊಟ್ಟು ಈ ಕೊರತೆಯನ್ನು ತುಂಬಬಲ್ಲದು. (ಅದೇ ಹೊಟ್ಟಿಗೆ ಉರುವಲಾಗಿಯೂ ಬೇಡಿಕೆಯಿದೆಯೆಂಬುದನ್ನು ಮರೆಯಲಾಗದು.) ಇಂಗಾಲ-ಸಾರಜನಕ ಅನುಪಾತ 25ರಿಂದ 30 ಬರುವಂತೆ ಬೆರೆಸಿ, ತೇವಾಂಶವನ್ನು ಶೇ. 50ರಿಂದ 60ರಲ್ಲಿರಿಸಿದರೆ, ರಾಶಿಯ ಉಷ್ಣತೆ ಕೆಲವೇ ದಿನಗಳಲ್ಲಿ 55 ಡಿಗ್ರಿ ಸೆಲ್ಸಿಯಸ್ ದಾಟಿ ರೋಗಾಣುಗಳು, ಕಳೆಬೀಜಗಳು ಬಹುಮಟ್ಟಿಗೆ ನಾಶವಾಗುತ್ತವೆ. ಆಗಾಗ್ಗೆ ಮಗುಚುತ್ತಿದ್ದಲ್ಲಿ ಎರಡು ಮೂರು ತಿಂಗಳಲ್ಲಿ ಗೊಬ್ಬರ ಸಿದ್ಧ. ಅಮೋನಿಯಾ ವಾಸನೆ ಅಡಗಿ ರಾಶಿ ತಣ್ಣಗಾಗಿರಬೇಕು. ಕೊಯ್ಲಿನ ಕಾಲದಲ್ಲಿ, ಜನವರಿಯಲ್ಲಿ, ಸೂರಿನಡಿ ಆರಂಭಿಸಿದ ರಾಶಿಯು ಮುಂಗಾರಿಗೆ ಮುನ್ನವೇ ತೋಟಕ್ಕೆ ಒದಗುತ್ತದೆ.

ಸಾರಜನಕವೊಂದನ್ನೇ ಪರಿಗಣಿಸಿದರೆ ಸಹಾಯಧನದ ಯೂರಿಯಾದೊಡನೆ ಈ ಗೊಬ್ಬರ ಪೈಪೋಟಿ ನಡೆಸಲಾರದು. ರಂಜಕ, ಸಾವಯವ ಇಂಗಾಲ ಹಾಗೂ ಕೊಡಗಿನ ಹುಳಿ ಮಣ್ಣಿಗೆ ಬೇಕಾದ ಸುಣ್ಣದ ಅಂಶ ಇದರ ನಿಜವಾದ ಬೆಲೆ. ಮಾರಾಟಗಾರರು ಅದನ್ನೇ ಮುಂದಿಡುವುದು ಉಚಿತ.

ಇದನ್ನು ಉದ್ಯಮವಾಗಿ ಕೈಗೊಳ್ಳುವವರು ಎರಡು ಕಾನೂನುಗಳನ್ನು ಗಮನಿಸತಕ್ಕದ್ದು. 1985ರ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ 2006ರಲ್ಲಿ ಸಾವಯವ ಗೊಬ್ಬರಗಳೂ ಸೇರಿದವು. ತೇವಾಂಶ, ಭಾರಲೋಹ ಮುಂತಾದವುಗಳ ಮಿತಿ ಅದರಲ್ಲಿ ನಿಗದಿಯಾಗಿದೆ. ಜಿಎಸ್‌ಟಿಯಲ್ಲಿ 2022ರ ಜುಲೈ 18ರ ಬದಲಾವಣೆಯು ಬಿಡಿಯಾಗಿ ಮಾರುವ ಸಾವಯವ ಗೊಬ್ಬರಕ್ಕೆ ವಿನಾಯಿತಿಯನ್ನು ಉಳಿಸಿ, ಮುಂಚಿತವಾಗಿ ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದ್ದಕ್ಕೆ ಶೇ. 5 ತೆರಿಗೆ ವಿಧಿಸಿತು. ವಿನಾಯಿತಿ ಪಡೆದ ಮಾರಾಟಕ್ಕೆ ಹೂಡುವಳಿ ತೆರಿಗೆ ಜಮೆ ದೊರೆಯದು. ಆದುದರಿಂದ ಮಗುಚುವ ಯಂತ್ರದ ಮೇಲೆ ತೆತ್ತ ತೆರಿಗೆಯನ್ನೂ ಬಿಡಿ ಗೊಬ್ಬರದ ದರದಲ್ಲಿಯೇ ಸೇರಿಸಿಕೊಳ್ಳಬೇಕಾಗುತ್ತದೆ.