ಎರಡು ಹೃದಯದ ಮೀನು, ಒಂದು ಸೌತೆಕಾಯಿ

ತಿಪಟೂರಿನಿಂದ ಓದುಗರೊಬ್ಬರು ಬರೆದಿದ್ದಾರೆ. ನವೆಂಬರಿನಲ್ಲಿ ಹುಟ್ಟಿದ ಮೊಮ್ಮಗಳ ಹೃದಯದಲ್ಲಿ, ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ, ಸಣ್ಣ ತೂತಿದೆಯಂತೆ. 2025ರ ಸೆಪ್ಟೆಂಬರ್ 7ರ ರಾತ್ರಿ ಚಂದ್ರಗ್ರಹಣ ಹಿಡಿದಿದ್ದಾಗ, ಏಳು ತಿಂಗಳ ಬಸುರಿ ಮಗಳು ಹಸಿವು ತಾಳದೆ ಈಳಿಗೆಮಣೆ ಎಳೆದುಕೊಂಡು ಒಂದು ಸೌತೆಕಾಯಿ ಹೆಚ್ಚಿ ತಿಂದಿದ್ದಳು. ‘ಅವತ್ತು ಈಳಿಗೆ ಮುಟ್ಟಿದ್ದಕ್ಕೇ ಕೂಸಿನ ಎದೆಗೆ ತೂತು ಬಿತ್ತು’ ಎನ್ನುತ್ತಿದ್ದಾರೆ ಬೀಗಿತ್ತಿ. ಮಗಳು ದಿನವೂ ಅಳುತ್ತಾಳೆ. ನಿಜವೇನು, ಎಂದು ಕೇಳಿದ್ದಾರೆ.

ಇದಕ್ಕೆ ಉತ್ತರ ಒಂದು ಮೀನಿನ ಹತ್ತಿರ ಇದೆ. ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುವ, ಕಿರುಬೆರಳಿಗಿಂತ ಸಣ್ಣದಾದ, ನೀಲಿ ಪಟ್ಟೆಗಳ ಜೀಬ್ರಾ ಮೀನು. ನಮ್ಮ ದೇಶದ ಹಳ್ಳಕೊಳ್ಳಗಳದ್ದೇ. ಟಿಪ್ಪು ಮಡಿದ ಮರುವರ್ಷ ಮೈಸೂರು ಸೀಮೆಯನ್ನೆಲ್ಲ ಸುತ್ತಿ ಇಲ್ಲಿನ ಬೆಳೆ, ಕಸುಬುಗಳನ್ನು ಬರೆದಿಟ್ಟ ಫ್ರಾನ್ಸಿಸ್ ಬುಕಾನನ್ ಇದ್ದಾರಲ್ಲ, 1822ರಲ್ಲಿ ಗಂಗೆಯ ಮೀನುಗಳ ಪುಸ್ತಕ ತಂದು ಇದಕ್ಕೆ ಮೊದಲ ವೈಜ್ಞಾನಿಕ ಹೆಸರು ಕೊಟ್ಟವರೂ ಅವರೇ. ಇದರ ಭ್ರೂಣ ಗಾಜಿನಷ್ಟು ತಿಳಿ. ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಾಗ, ಹಿಂದಿನ ದಿನ ಬರೀ ಮೊಟ್ಟೆಯಾಗಿದ್ದ ಜೀವದೊಳಗೆ ಸಾಸಿವೆಗಿಂತ ಸಣ್ಣ ಕೊಳವೆಯೊಂದು ಮಿಡಿಯುತ್ತಿತ್ತು. ಅಂದು ನನಗೆ ಊಟದ ನೆನಪೇ ಆಗಲಿಲ್ಲ.

ಹೃದಯ ಹುಟ್ಟುವಾಗ ಒಂದಾಗಿರುವುದಿಲ್ಲ. ಭ್ರೂಣದ ಎಡಕ್ಕೊಂದು, ಬಲಕ್ಕೊಂದು ಜೀವಕೋಶಗಳ ಗುಂಪು ಇರುತ್ತದೆ. ಎರಡೂ ನಡುಗೆರೆಯತ್ತ ತೆವಳಿ ಬಂದು, ಕೂಡಿ, ಒಂದು ಕೊಳವೆಯಾಗುತ್ತವೆ. ಮೀನಿನಲ್ಲೂ ಹೀಗೇ, ಕೋಳಿಯಲ್ಲೂ, ನಮ್ಮಲ್ಲೂ. ಮನುಷ್ಯರಲ್ಲಿ ಗರ್ಭ ಕಟ್ಟಿದ ಸುಮಾರು 22ನೇ ದಿನಕ್ಕೆ ಮಿಡಿತ ಶುರು.

1996ರಲ್ಲಿ ಜರ್ಮನಿಯ ಟ್ಯೂಬಿಂಗೆನ್ ಮತ್ತು ಅಮೆರಿಕದ ಬಾಸ್ಟನ್ನಿನ ವಿಜ್ಞಾನಿಗಳು ಹುಟ್ಟುದೋಷಗಳಿರುವ ಜೀಬ್ರಾ ಮೀನಿನ ತಳಿಗಳನ್ನು ರಾಶಿ ರಾಶಿಯಾಗಿ ಪಟ್ಟಿಮಾಡಿದರು. ಒಂದು ತಳಿಯ ಮರಿಗಳಿಗೆ ಎರಡೆರಡು ಹೃದಯ! ನಡುವೆ ಕೂಡಲಾಗದ ಗುಂಪುಗಳು ನಿಂತಲ್ಲೇ ಹೃದಯ ಕಟ್ಟಿಕೊಂಡು ಎಡಬಲದಲ್ಲಿ ಬೇರೆಬೇರೆಯಾಗಿ ಮಿಡಿಯುತ್ತಿದ್ದವು. ಆ ತಳಿಗೆ ‘ಮೈಲ್ಸ್ ಅಪಾರ್ಟ್’ ಎಂದು ಹೆಸರಾಯಿತು. ನಾವಾದರೆ ಹರದಾರಿ ದೂರ ಅನ್ನುತ್ತಿದ್ದೆವು.

ಆ ಮೀನಿನ ಹೃದಯಕೋಶಗಳಿಗೆ ನಡೆಯಲು ಬಾರದು ಎಂದುಕೊಳ್ಳುತ್ತೇವಲ್ಲವೇ? 2000ದಲ್ಲಿ ವಿಜ್ಞಾನಿ ಡಿಡಿಯೆ ಸ್ಟೇನಿಯರ್ ಅವರ ತಂಡ ಕೋಶಗಳನ್ನು ಅದಲುಬದಲು ಮಾಡಿ ನೋಡಿತು. ದೋಷದ ಮೀನಿನ ಕೋಶಗಳು ಸರಿಯಾದ ಭ್ರೂಣದೊಳಗೆ ಸಲೀಸಾಗಿ ನಡುವಿಗೆ ನಡೆದವು. ಸರಿಯಾದ ಕೋಶಗಳು ದೋಷದ ಭ್ರೂಣದೊಳಗೆ ನಿಂತುಬಿಟ್ಟವು. ಕೆಟ್ಟಿದ್ದು ದಾರಿ! ಎಸ್1ಪಿ ಎಂಬ ಕೊಬ್ಬಿನ ಜಾತಿಯ ಅಣು ಹೊತ್ತು ತರುವ ಸಂದೇಶವನ್ನು ಸುತ್ತಲಿನ ಅಂಗಾಂಶ ಓದಿಕೊಂಡು ದಾರಿ ಸಜ್ಜು ಮಾಡಬೇಕು. ಅದನ್ನು ಓದುವ ಗ್ರಾಹಕವೇ ಅಲ್ಲಿ ಕೆಟ್ಟಿತ್ತು. ಮುಂದೆ 2004ರಲ್ಲಿ, ಕೋಶಗಳ ಕೆಳಗೆ ಅಂಟಾಗಿ ಹಾಸಿರುವ ಫೈಬ್ರೊನೆಕ್ಟಿನ್ ಎಂಬ ಪ್ರೋಟೀನು ಇಲ್ಲದ ಮೀನಿಗೂ ಎರಡು ಹೃದಯ ಬರುವುದು ಗೊತ್ತಾಯಿತು. ಮಳೆಗಾಲದಲ್ಲಿ ಪಾಚಿಗಟ್ಟಿದ ಕಲ್ಲಿನ ಮೇಲೆ ನಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಲಿಗೆ ಹಿಡಿತವೇ ಸಿಗದಿದ್ದರೆ ಎಷ್ಟು ಬಲವಿದ್ದರೇನು!

ಹಾಗೆಂದು ಸದಾ ಹಿಡಿದುಕೊಂಡೇ ಇದ್ದರೂ ಹೃದಯ ಆಗದು. ಕೊಳವೆಯ ಹೊರಗಿನ ಸ್ನಾಯುಪದರ ಒಳಪದರದ ಕೆಲವು ಕೋಶಗಳಿಗೆ ಸಂದೇಶ ಕಳಿಸುತ್ತದೆ. ಅವು ನೆರೆಯವರ ಕೈ ಬಿಟ್ಟು, ನಡುವಿನ ಲೋಳೆಗೆ ಇಳಿದು, ಅಲ್ಲೊಂದು ದಿಂಬು ಕಟ್ಟುತ್ತವೆ. ನಮ್ಮಲ್ಲಾದರೆ, ಕೆಳಗಿನಿಂದ ಏಳುವ ಸ್ನಾಯುಗೋಡೆ ಈ ದಿಂಬನ್ನು ಮುಟ್ಟಿ ಬೆಸೆದುಕೊಂಡಾಗ ಎಡಬಲದ ಕೋಣೆಗಳು ಬೇರೆಯಾಗುತ್ತವೆ. ಈ ಹಿಡಿಯುವ, ಬಿಡುವ, ಬೆಸೆಯುವ ಕೆಲಸದಲ್ಲಿ ಎಲ್ಲೋ ಒಂದು ಕಡೆ ಕೊರೆಯಾದರೆ ಗೋಡೆಯಲ್ಲಿ ತೂತು ಉಳಿಯುತ್ತದೆ. ಹುಟ್ಟಿನಿಂದಲೇ ಹೃದಯದಲ್ಲಿ ಏನಾದರೊಂದು ಕೊರತೆ ಇರುವುದು ಹೆಚ್ಚುಕಡಿಮೆ ನೂರರಲ್ಲಿ ಒಂದು ಕೂಸಿಗೆ. ಅಪರೂಪವೇನಲ್ಲ.

ಈಗ ಲೆಕ್ಕ ಹಾಕಿ. ಈ ಗೋಡೆ ಮುಗಿಯಬೇಕಾದದ್ದು ಗರ್ಭ ಕಟ್ಟಿ ಎಂಟು ವಾರವಾಗುವ ಹೊತ್ತಿಗೆ. ನವೆಂಬರಿನಲ್ಲಿ ಹುಟ್ಟಿದ ಕೂಸಿಗೆ ಅದು ಏಪ್ರಿಲ್ ಕಳೆಯುವಷ್ಟರಲ್ಲಿ. ನಿಮ್ಮ ಮಗಳು ಸೌತೆಕಾಯಿ ಹೆಚ್ಚಿದ್ದು ಸೆಪ್ಟೆಂಬರಿನಲ್ಲಿ! ಗ್ರಹಣ ಹಿಡಿಯುವ ಎಷ್ಟೋ ತಿಂಗಳು ಮೊದಲೇ ಆ ತೂತು ಅಲ್ಲಿತ್ತು. ಭೂಮಿಯ ನೆರಳು ಚಂದ್ರನ ಮೇಲೆ ಬಿದ್ದರೆ ಕೂಸಿಗೆ ಆಗುವುದು ಏನೂ ಇಲ್ಲ. ಬಸುರಿಯನ್ನು ಕತ್ತಲಲ್ಲಿ ಹಸಿದು ಕೂರಿಸುವುದು, ಆಮೇಲೆ ಬಾಣಂತಿಯನ್ನು ಹಂಗಿಸಿ ಅಳಿಸುವುದು, ಇವನ್ನು ನಾನು ಕ್ರೌರ್ಯ ಎಂದೇ ಕರೆಯುತ್ತೇನೆ. ಹೆದರುವುದಿದ್ದರೆ ಮೊದಲ ತಿಂಗಳುಗಳಲ್ಲಿ ತಗಲುವ ರೂಬೆಲ್ಲಾಗೆ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆಗೆ, ವೈದ್ಯರನ್ನು ಕೇಳದೆ ನುಂಗುವ ಮಾತ್ರೆಗೆ ಹೆದರೋಣ. ಬಹಳಷ್ಟು ಸಲ ತಾಯಿ ಮಾಡಿದ್ದು, ಬಿಟ್ಟಿದ್ದು ಯಾವುದೂ ಕಾರಣವಾಗಿರುವುದಿಲ್ಲ.

ಕೆಳಕೋಣೆಗಳ ನಡುವಿನ ಸಣ್ಣ ತೂತುಗಳಲ್ಲಿ ಎಷ್ಟೋ, ಕೂಸು ಬೆಳೆದಂತೆ ತಾವಾಗಿ ಮುಚ್ಚಿಕೊಳ್ಳುತ್ತವೆ. ವೈದ್ಯರು ಹೇಳಿದ ದಿನಕ್ಕೆ ತಪ್ಪದೆ ತೋರಿಸಿ. ಈ ಪುಟವನ್ನು ನಿಮ್ಮ ಬೀಗಿತ್ತಿಯವರಿಗೂ ಓದಿ ಹೇಳಿ. ಮಗಳು ಪಕ್ಕದಲ್ಲಿದ್ದಾಗಲೇ ಓದಿ.