ಒಂದೇ ಕಂಪೌಂಡ್, ಎರಡು ಊಟ

ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಇಗರ್ಜಿ ಇರುವ ಕಡೆ ಪಕ್ಕದಲ್ಲೊಂದು ಪ್ರಾಥಮಿಕ ಶಾಲೆ ಇರುವುದು ಹಳೆಯ ವಾಡಿಕೆ. ಚರ್ಚಿನ ಫಾದರ್ ಅವರೇ ಶಾಲೆಯ ಸಂಚಾಲಕರು. ಶಾಲೆಗಳಲ್ಲಿ ಕಲಿಸುವ ಅಪೊಸ್ತಲಿಕ್ ಕಾರ್ಮೆಲ್ ಸಿಸ್ಟರ್‌ಗಳು ಮಂಗಳೂರಿಗೆ ಬಂದದ್ದು 1870ರಲ್ಲಿ. 1921ರಲ್ಲಿ ಇಲ್ಲಿಯೇ ಹುಟ್ಟಿದ ಬೆಥನಿ ಸಂಸ್ಥೆಯ ಸಿಸ್ಟರ್‌ಗಳು ಹಳ್ಳಿಗಳ ಕನ್ನಡ ಶಾಲೆಗಳಿಗೂ ಹೋದರು. ಇಂದು ಈ ಶಾಲೆಗಳ ಬೆಂಚುಗಳಲ್ಲಿ ಕೊಂಕಣಿ, ತುಳು, ಬ್ಯಾರಿ ಮಾತಾಡುವ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಕೂಲಿಗೆಂದು ಘಟ್ಟದ ಮೇಲಿನಿಂದ ಬಂದವರ ಮಕ್ಕಳೂ ಅವರ ನಡುವೆ ಇರುತ್ತಾರೆ. ‘ಅಲ್ಲಿ ಶಿಸ್ತು ಕಲಿಸ್ತಾರೆ’ ಎಂಬುದು ಊರಿನವರ ಮಾತು.

ಆ ಶಿಸ್ತಿನ ಬಹುಪಾಲು ಉಗುರು, ಕರವಸ್ತ್ರ, ನೀರು, ಗಂಟೆ ಇಷ್ಟರಲ್ಲೇ ಇದೆ. ಬೆಳಗಿನ ಪ್ರಾರ್ಥನೆ, ನಾಡಗೀತೆ, ಸಂವಿಧಾನದ ಪೀಠಿಕೆ ಮುಗಿಯುತ್ತಿದ್ದಂತೆ ಟೀಚರ್ ಸಾಲಿನ ಉದ್ದಕ್ಕೂ ನಡೆದು ಕೈ ನೋಡುತ್ತಾರೆ. ಸೋಪಿನ ಮಹತ್ವದ ಬಗ್ಗೆ ಯಾರೂ ಭಾಷಣ ಮಾಡುವುದಿಲ್ಲ. ಊಟದ ಗಂಟೆ ಬಾರಿಸಿದರೆ ಮೊದಲು ನಳ್ಳಿಯ ಹತ್ತಿರ ಹೋಗಬೇಕು, ಆಮೇಲೆ ಬಟ್ಟಲು. ಅನ್ನ ಬಡಿಸಿದ ಮೇಲೂ ಕೈಕಟ್ಟಿ ನಿಂತು ಪ್ರಾರ್ಥನೆ ಹೇಳದೆ ಯಾರೂ ತುತ್ತೆತ್ತುವಂತಿಲ್ಲ. ಹಸಿದ ಮಗುವಿಗೆ ಆ ಅರ್ಧ ನಿಮಿಷ ಬಹಳ ದೊಡ್ಡದು. ಹಾಗಿದ್ದೂ ಗಬಗಬನೆ ನುಂಗದೆ ಕೂತು ಉಣ್ಣುವ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಕಂಡಿಲ್ಲ.

ಕರಾವಳಿಯಲ್ಲಿ ಆರೋಗ್ಯಕ್ಕೆ ನಿಜವಾದ ಪರೀಕ್ಷೆ ಬರುವುದು ಜೂನ್‌ನಲ್ಲಿ. ಶಾಲೆ ಶುರುವಾಗುವುದೂ ಮಳೆ ಹಿಡಿಯುವುದೂ ಹೆಚ್ಚುಕಡಿಮೆ ಒಟ್ಟಿಗೆ. ಜಗಲಿಯ ತುಂಬ ಬಿಡಿಸಿಟ್ಟ ಕೊಡೆಗಳು, ಒದ್ದೆ ಚಪ್ಪಲಿಗಳು, ಬೆನ್ನಿಗಂಟಿದ ಅಂಗಿಗಳು. ಬ್ಯಾಗಿನಲ್ಲಿ ಒಂದು ಜೊತೆ ಒಣ ಬಟ್ಟೆ, ತಲೆ ಒರೆಸಲು ಒಂದು ಟವೆಲ್ ಇದ್ದರೆ ಅರ್ಧ ಶೀತ ತಪ್ಪುತ್ತದೆ ಎಂದು ಒಂದನೇ ತರಗತಿಯ ಟೀಚರಿಗೆ ಯಾವ ವೈದ್ಯರೂ ಹೇಳಿಕೊಡಬೇಕಿಲ್ಲ. ಕುಡಿಯಲು ಕುದಿಸಿ ಆರಿಸಿದ ನೀರು. ಡೆಂಗಿಯ ಕಾಲವಾದ್ದರಿಂದ ಹೂಕುಂಡದ ತಟ್ಟೆ, ಒಡೆದ ಬಕೆಟ್, ತೆಂಗಿನ ಚಿಪ್ಪುಗಳಲ್ಲಿ ನಿಂತ ನೀರನ್ನು ಮಕ್ಕಳೇ ಚೆಲ್ಲುತ್ತಾರೆ. ಚೆಲ್ಲುವ ಮೊದಲು ಅದರಲ್ಲಿ ಕುಣಿಯುವ ಮರಿಹುಳಗಳನ್ನು ನೋಡುವುದೇ ಒಂದು ವಿಜ್ಞಾನ ಪಾಠ.

ಇನ್ನು ಬಿಸಿಯೂಟ. ಸರ್ಕಾರಿ ಶಾಲೆಗಳ ಹಾಗೆ ಇಂಥ ಅನುದಾನಿತ ಶಾಲೆಗಳಿಗೂ ಈ ಯೋಜನೆ ಇದೆ. ಐದನೇ ತರಗತಿಯವರೆಗೆ ಮಗುವೊಂದಕ್ಕೆ ದಿನಕ್ಕೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿಯ ಲೆಕ್ಕ. 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯದ ಹಾಲು, 2024ರಿಂದ ರಾಗಿಮಾಲ್ಟ್, ಜೊತೆಗೆ ಮೊಟ್ಟೆ, ಬೇಡವೆಂದವರಿಗೆ ಬಾಳೆಹಣ್ಣು. ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದ ಶುಕ್ರವಾರ ಮಾಂಸ ಬಿಡುವ ಕ್ರೈಸ್ತ ಮಗುವಿಗೆ ಮೊಟ್ಟೆ ನಿಷಿದ್ಧವಲ್ಲ. ತುಳುವರ ಸೋಣ ತಿಂಗಳ ಶನಿವಾರ ವ್ರತವಿರುವ ಪಕ್ಕದ ಹಿಂದೂ ಗೆಳತಿ ಬಾಳೆಹಣ್ಣಿನ ಸಾಲಿಗೆ ಹೋಗುತ್ತಾಳೆ. ಯಾರೂ ಯಾರನ್ನೂ ಏಕೆಂದು ಕೇಳುವುದಿಲ್ಲ. ಕೈತೋಟವಿದ್ದ ಶಾಲೆಯಾದರೆ ಸಾಂಬಾರಿಗೆ ಬಸಳೆಯೋ ಅಲಸಂಡೆಯೋ ಬೀಳುತ್ತದೆ. ತಾವೇ ನೀರು ಹಾಕಿದ ಹರಿವೆಯನ್ನು ಬಟ್ಟಲಿನ ಅಂಚಿಗೆ ತಳ್ಳುವ ಮಕ್ಕಳು ಕಡಿಮೆ.

ಹಬ್ಬಗಳೂ ಈ ಕಲಿಕೆಗೆ ಸೇರುತ್ತವೆ. ಸೆಪ್ಟೆಂಬರ್ 8ರ ಮೊಂತಿ ಫೆಸ್ತ್‌ಗೆ ಮುಂಚಿನ ಒಂಬತ್ತು ದಿನ ಮಕ್ಕಳು ಕನ್ಯಾಮರಿಯಮ್ಮನಿಗೆ ಹೂ ಒಯ್ಯುತ್ತಾರೆ. ಹಬ್ಬದ ದಿನ ಹೊಸ ತೆನೆಯ ಆಶೀರ್ವಾದ, ಮಕ್ಕಳ ಕೈಗೆ ಕಬ್ಬು, ಮನೆಯಲ್ಲಿ ತರಕಾರಿಗಳದೇ ಊಟ. ಮೀನಿಲ್ಲದೆ ಅನ್ನ ಇಳಿಯದ ಮನೆಯ ಹುಡುಗರೂ ಅಂದು ಹೀರೆ, ಬೆಂಡೆ, ಕೆಸುವಿನ ಪದಾರ್ಥಕ್ಕೆ ತಕರಾರು ಮಾಡುವುದಿಲ್ಲ. ತಪಸ್ಸುಕಾಲದಲ್ಲಿ ಚಾಕಲೇಟು ಬಿಟ್ಟು ಉಳಿದ ಚಿಲ್ಲರೆಯನ್ನು ಬಡವರ ಡಬ್ಬಿಗೆ ಹಾಕುವ ಪದ್ಧತಿಯೂ ಇದೆ. ಹಲ್ಲಿನ ಡಾಕ್ಟರು ಸಂತೋಷಪಡಬೇಕಾದ ವ್ರತ.

ನನಗೆ ಸರಿಕಾಣದ್ದು ಬೇರೆ. ಈಗ ಅನೇಕ ಕಡೆ ಅದೇ ಕಂಪೌಂಡಿನೊಳಗೆ ಅನುದಾನಿತ ಕನ್ನಡ ಶಾಲೆ ಒಂದು ಬದಿ, ಶುಲ್ಕದ ಇಂಗ್ಲಿಷ್ ಮಾಧ್ಯಮ ಇನ್ನೊಂದು ಬದಿ. ಮಧ್ಯಾಹ್ನ ಕನ್ನಡದ ಮಕ್ಕಳು ಬಿಸಿ ಅನ್ನ, ತರಕಾರಿ ಸಾಂಬಾರು, ಮೊಟ್ಟೆ ಉಣ್ಣುತ್ತಾರೆ. ಆಚೆಯವರು ಬೆಳಿಗ್ಗೆ ಏಳಕ್ಕೆ ಕಟ್ಟಿದ ತಣ್ಣನೆಯ ಬುತ್ತಿ ಬಿಚ್ಚುತ್ತಾರೆ. ಅದರಲ್ಲಿ ಮುದ್ದೆಗಟ್ಟಿದ ನೂಡಲ್ಸ್, ಜಾಮ್ ಸವರಿದ ಬ್ರೆಡ್, ಬಿಸ್ಕತ್ತು. ಹಣ ಕೊಟ್ಟವರ ಮಕ್ಕಳಿಗೇ ಸೊರಗಿದ ಊಟ! ತಾಯಂದಿರನ್ನು ದೂರಿ ಫಲವಿಲ್ಲ. ವ್ಯಾನು ಏಳೂವರೆಗೆ ಬಾಗಿಲಿಗೆ ಬರುತ್ತದೆ.

ಇಂಗ್ಲಿಷ್ ಕಡೆ ಮಕ್ಕಳು ಹರಿದು ಹೋದಂತೆ ಕನ್ನಡ ಕಡೆಯ ಹಾಜರಿ ಇಳಿಯುತ್ತದೆ, ಅದರೊಂದಿಗೆ ಅಕ್ಕಿಯ ಲೆಕ್ಕವೂ ಅಡುಗೆಯವರ ಸಂಖ್ಯೆಯೂ ಇಳಿಯುತ್ತವೆ. ಅಡುಗೆಮನೆಗೆ ಬೀಗ ಬೀಳುವ ಮೊದಲು ಸಂಚಾಲಕರು ಒಂದು ಕೆಲಸ ಮಾಡಬಹುದು: ಇಂಗ್ಲಿಷ್ ಕಡೆಯ ಹೆತ್ತವರಿಂದ ಊಟದ ಖರ್ಚು ಪಡೆದು, ಅದರ ಲೆಕ್ಕ ಬೇರೆಯಾಗಿಯೇ ಇಟ್ಟು, ಅವರ ಮಕ್ಕಳಿಗೂ ಅಲ್ಲೇ ಅನ್ನ ಬೇಯಿಸುವುದು. ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಸ್ಮಾರ್ಟ್ ಕ್ಲಾಸಿಗೆ ಒಂದು ಗಂಟೆ ಚರ್ಚೆ ನಡೆಯುತ್ತದೆ. ಅನ್ನಕ್ಕೂ ಹತ್ತು ನಿಮಿಷ ಸಿಗಲಿ.